ಹೊಂಚಿನ ಮರೆ: ಯಾಹಿ ಜನರ ಬಿಲ್ಲುಬೇಟೆಯ ಚರಿತ್ರೆ

ಬಿಲ್ಲುಬೇಟೆಯ ಚರಿತ್ರೆಯನ್ನು ಬಿಲ್ಲಿನ ಬಲ ಮತ್ತು ಬಿಲ್ಲುಗಾರನ ಗುರಿಗಾರಿಕೆಯ ಚರಿತ್ರೆಯಾಗಿ ಬರೆಯುವುದು ರೂಢಿ. ಆದರೆ ಬೇಟೆಗಾರನಿಗೂ ಪ್ರಾಣಿಗೂ ನಡುವೆ ಇರುವ ದೂರವನ್ನು ಮನುಷ್ಯರು ಹೇಗೆ ಕಳೆದರು ಎಂಬ ಪ್ರಶ್ನೆಯಿಂದ ಹೊರಟರೆ ಈ ಕಸುಬಿನ ತಿರುಳು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮರದ ಬಿಲ್ಲಿನಿಂದ ಹೊರಟ ಬಾಣದ ವೇಗ ಬಂದೂಕಿನ ಗುಂಡಿನ ವೇಗಕ್ಕಿಂತ ಬಹಳ ಕಡಿಮೆಯಾದುದರಿಂದ, ಹೆದೆಯ ಸದ್ದು ಕಿವಿಗೆ ಬಿದ್ದ ಜಿಂಕೆಯು ಬಾಣ ತಲುಪುವ ಮೊದಲೇ ನಿಂತ ಜಾಗದಿಂದ ಸರಿದುಬಿಡಬಲ್ಲದು. ದೂರ ಹೆಚ್ಚಿದಂತೆ ಬಾಣದ ಗುರಿಯೂ ಕೊರೆಯುವ ಶಕ್ತಿಯೂ ಕುಂದುತ್ತವೆ. ಆದ್ದರಿಂದ ಬಿಲ್ಲು ಹಿಡಿದವನು ಪ್ರಾಣಿಗೆ ತೀರ ಹತ್ತಿರವಾಗಲೇಬೇಕು, ಅದಕ್ಕೆ ಇರುವ ದಾರಿಗಳು ಎರಡೇ: ಸದ್ದಿಲ್ಲದೆ ಹಿಂಬಾಲಿಸಿ ಹೋಗುವುದು, ಇಲ್ಲವೇ ಪ್ರಾಣಿ ಬರುವ ಜಾಗವನ್ನು ಮೊದಲೇ ತಿಳಿದು ಅಲ್ಲಿ ಅಡಗಿ ಕಾಯುವುದು. ಹೀಗೆ ಅಡಗಿ ಕಾಯುವುದಕ್ಕೆ ಹೊಂಚು ಎಂದೂ, ಅದಕ್ಕಾಗಿ ಪೊದೆ, ಕಲ್ಲು, ಸೊಪ್ಪುಸದೆಗಳಿಂದ ನೆಲದ ಮೇಲೆ ಮಾಡಿಕೊಂಡ ಆಸರೆಗೆ ಮರೆ ಎಂದೂ ಹೆಸರು. ಮರದ ಮೇಲೆ ಕಟ್ಟುವ ಅಟ್ಟಣೆ ಅಥವಾ ಮಚಾನಿನಲ್ಲಿ ಎತ್ತರವೇ ಬೇಟೆಗಾರನನ್ನು ಕಾಯುತ್ತದೆ. ನೆಲದ ಮರೆಯಲ್ಲಾದರೋ ಅವನು ಪ್ರಾಣಿಯ ಕಣ್ಣು, ಕಿವಿ, ಮೂಗುಗಳ ಮಟ್ಟದಲ್ಲಿಯೇ ಕುಳಿತಿರುವುದರಿಂದ, ನೆಲ, ಗಾಳಿ ಮತ್ತು ಪ್ರಾಣಿಯ ನಡೆಯನ್ನು ಕುರಿತ ಅವನ ಅರಿವೇ ಅವನಿಗೆ ಆಧಾರ.

ಮರೆಯ ಬಳಕೆ ಬಿಲ್ಲಿಗಿಂತ ಹಳೆಯದು. ಉತ್ತರ ಅಮೆರಿಕದ ಹ್ಯೂರಾನ್ ಸರೋವರದ ತಳದಲ್ಲಿ, ಸುಮಾರು 9,000 ವರ್ಷಗಳ ಹಿಂದೆ ಒಣನೆಲವಾಗಿದ್ದ ದಿಣ್ಣೆಯೊಂದರ ಮೇಲೆ, ಕ್ಯಾರಿಬೂ ಎಂಬ ಸಾರಂಗಗಳನ್ನು ಒಂದೇ ಓಣಿಗೆ ತಿರುಗಿಸುವ ಕಲ್ಲಿನ ಸಾಲುಗಳನ್ನೂ ಅವುಗಳ ಪಕ್ಕದಲ್ಲಿ ಬೇಟೆಗಾರರು ಅಡಗುತ್ತಿದ್ದ ಕಲ್ಲಿನ ಮರೆಗಳನ್ನೂ ಮಿಶಿಗನ್ ವಿಶ್ವವಿದ್ಯಾನಿಲಯದ ಪುರಾತತ್ತ್ವಜ್ಞರು ಗುರುತಿಸಿದ್ದಾರೆ. ಅದು ಈಟಿಯ ಕಾಲ. ಕ್ಯಾಲಿಫೋರ್ನಿಯದ ಪೂರ್ವ ಭಾಗದಲ್ಲಿರುವ ಕೋಸೊ ಬೆಟ್ಟಸಾಲಿನ ಕಂದರಗಳಲ್ಲಿ, ಕಾಡುಕುರಿಗಳ ಚಿತ್ರಗಳನ್ನು ಕೊರೆದಿರುವ ಬಂಡೆಗಳ ಸನಿಹದಲ್ಲಿಯೇ, ಕಲ್ಲುಗಳನ್ನು ಪೇರಿಸಿ ಮಾಡಿದ ಇಂತಹ ಮರೆಗಳು ಇಂದಿಗೂ ಉಳಿದಿವೆ. ಈ ಪ್ರದೇಶಗಳಿಗೆ ಬಿಲ್ಲು ಬಂದದ್ದು ಸುಮಾರು 1,500 ವರ್ಷಗಳ ಹಿಂದೆ. ಆಯುಧ ಬದಲಾಯಿತಾದರೂ ಮರೆ ಬದಲಾಗಲಿಲ್ಲ. ಆದರೆ ಕಲ್ಲಿನ ಮರೆಯೊಳಗೆ ಕುಳಿತವನು ಏನನ್ನು ತಿಳಿದಿದ್ದನು, ಹೇಗೆ ಕುಳಿತನು, ಹೇಗೆ ಪ್ರಾಣಿಯನ್ನು ಕರೆದನು ಎಂಬುದನ್ನು ಕಲ್ಲು ಹೇಳುವುದಿಲ್ಲ. ಅದನ್ನು ವಿವರವಾಗಿ ತಿಳಿಸುವ ದಾಖಲೆಗಳಲ್ಲಿ ಮುಖ್ಯವಾದದ್ದು ಉತ್ತರ ಕ್ಯಾಲಿಫೋರ್ನಿಯದ ಯಾಹಿ ಜನರಿಗೆ ಸಂಬಂಧಿಸಿದುದು. ಅದು ಒಂದು ಜನಾಂಗವೇ ನಾಶವಾದ ಮೇಲೆ ಉಳಿದಿದ್ದ ಒಬ್ಬನೇ ಒಬ್ಬ ಮನುಷ್ಯನಿಂದ ದೊರೆತುದು.

ಯಾಹಿಗಳು ಯಾನಾ ಎಂಬ ಭಾಷಾಸಮುದಾಯದ ದಕ್ಷಿಣದ ಶಾಖೆಯವರು. ಸ್ಯಾಕ್ರಮೆಂಟೊ ನದಿಯ ಪೂರ್ವಕ್ಕೆ, ಲಾಸೆನ್ ಜ್ವಾಲಾಮುಖಿ ಪರ್ವತದ ತಪ್ಪಲಿನಲ್ಲಿ, ಮಿಲ್ ಕ್ರೀಕ್ ಮತ್ತು ಡೀರ್ ಕ್ರೀಕ್ ಎಂಬ ಎರಡು ಹೊಳೆಗಳು ಲಾವಾ ಕಲ್ಲನ್ನು ಕೊರೆದು ಮಾಡಿರುವ ಆಳವಾದ ಕಂದರಗಳು ಅವರ ನಾಡು. ಕಂದರದ ಇಳಿಜಾರುಗಳನ್ನು ಆವರಿಸಿರುವ ಚಾಪರಲ್, ಅಂದರೆ ಗಿಡ್ಡನೆಯ ಗಡುಸು ರೆಂಬೆಗಳು ಒಂದಕ್ಕೊಂದು ಹೆಣೆದುಕೊಂಡು ಬೆಳೆದ ಕುರುಚಲು ಕಾಡು, ನಿಂತು ನಡೆಯುವವನಿಗೆ ದಾರಿ ಬಿಡದಿದ್ದರೂ ಬಾಗಿ ತೆವಳುವವನಿಗೆ ಒಳಗೊಳಗೇ ಹಾದಿ ಕೊಡುತ್ತದೆ. ಓಕ್ ಮರದ ಕಾಯಿ, ಹೊಳೆಯ ಸಾಲ್ಮನ್ ಮೀನು ಮತ್ತು ಜಿಂಕೆಯ ಮಾಂಸ ಅವರ ಮುಖ್ಯ ಆಹಾರ. ಜಿಂಕೆಯು ಆಹಾರವಷ್ಟೇ ಆಗಿರದೆ ಬಿಲ್ಲಿಗೆ ಬೇಕಾದ ನರವನ್ನೂ ಅಲಗನ್ನು ತಿದ್ದುವ ಕೊಂಬನ್ನೂ ಹೊದೆಯುವ ಚರ್ಮವನ್ನೂ ಒದಗಿಸುತ್ತಿದ್ದುದರಿಂದ ಒಂದು ಬೇಟೆಯ ಫಲವೇ ಮುಂದಿನ ಬೇಟೆಯ ಸಾಧನವಾಗುತ್ತಿತ್ತು.

ಯಾಹಿ ಬಿಲ್ಲನ್ನು ಹೆಚ್ಚಾಗಿ ಬೆಟ್ಟದ ಜೂನಿಪರ್ ಮರದಿಂದ ಮಾಡುತ್ತಿದ್ದರು. ಅದರ ಉದ್ದ ಸುಮಾರು ಮೂರೂವರೆ ಅಡಿ, ಅಂದರೆ ಇಂಗ್ಲೆಂಡಿನ ಪ್ರಸಿದ್ಧ ಉದ್ದಬಿಲ್ಲಿಗಿಂತ ಎರಡು ಅಡಿಗೂ ಹೆಚ್ಚು ಕಡಿಮೆ. ಹಿಡಿಯ ಬಳಿ ಕಿರಿದಾಗಿ, ತೋಳುಗಳ ನಡುಭಾಗದಲ್ಲಿ ಅಗಲವಾಗಿರುವ ಈ ಬಿಲ್ಲಿನ ಅಗಲವನ್ನು ಬೆರಳುಗಳಿಂದ ಅಳೆಯುವುದು ವಾಡಿಕೆಯಾಗಿತ್ತು. ಜಿಂಕೆಯ ಕಾಲಿನ ನರಗಳನ್ನು ಅಗಿದು ಮೆತ್ತಗೆ ಮಾಡಿ, ಸಾಲ್ಮನ್ ಮೀನಿನ ತೊಗಲನ್ನು ಕುದಿಸಿ ತೆಗೆದ ಅಂಟಿನಿಂದ ಬಿಲ್ಲಿನ ಬೆನ್ನಿಗೆ ಪದರಪದರವಾಗಿ ಹಚ್ಚುತ್ತಿದ್ದರು. ಒಣಗಿದ ಮೇಲೆ ಈ ಲೇಪ ಎಳೆತವನ್ನು ತಾಳಿಕೊಳ್ಳುವುದರಿಂದಲೇ ಅಷ್ಟು ಗಿಡ್ಡ ಬಿಲ್ಲು ಮುರಿಯದೆ ಪೂರ್ತಿಯಾಗಿ ಬಾಗುತ್ತಿತ್ತು. ಹೆದೆಯೂ ಹೊಸೆದ ನರದ್ದೇ. ಪೂರ್ತಿ ಸೆಳೆದಾಗ ಇಂತಹ ಬಿಲ್ಲು ಕೇಳುತ್ತಿದ್ದ ಬಲ 40ರಿಂದ 45 ಪೌಂಡು, ಎಂದರೆ ಸುಮಾರು 20 ಕಿಲೊ. ಬಿಲ್ಲನ್ನು ಬಳಸದಿರುವಾಗ ಹೆದೆ ಇಳಿಸಿಡಬೇಕು, ನಿಲ್ಲಿಸದೆ ನೆಲದ ಮೇಲೆ ಮಲಗಿಸಿಡಬೇಕು, ನಿಲ್ಲಿಸಿದ ಬಿಲ್ಲು ದುಡಿಯುತ್ತಲೇ ಇದ್ದು ದಣಿದು ಬಲಗುಂದುತ್ತದೆ ಎಂಬ ನಿಯಮಗಳನ್ನು ಯಾಹಿ ಬೇಟೆಗಾರ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದನು. ಬಿಲ್ಲಿನ ಒಂದು ತುದಿಯನ್ನು ಬಾಯಿಯ ಅಂಚಿಗೆ ತಾಗಿಸಿ, ಬಿಗಿದ ಹೆದೆಯನ್ನು ಬಾಣದಿಂದ ಮೆಲ್ಲನೆ ತಟ್ಟಿ ನಾದ ಹೊರಡಿಸುವುದೂ ಅವರಲ್ಲಿತ್ತು. ಬೇಟೆಯ ಸಾಧನವೇ ಅವರಿಗೆ ವಾದ್ಯವೂ ಆಗಿತ್ತು.

ಬಾಣದ ಕಡ್ಡಿಗೆ ಹೇಝಲ್ ಜಾತಿಯ ನೇರವಾದ ಚಿಗುರುಗಳನ್ನು ಆರಿಸಿ, ಒಣಗಿಸಿ, ಬಿಸಿ ತೋರಿಸಿ ಸೊಟ್ಟು ತೆಗೆದು, ಹಿಂತುದಿಗೆ ಹದ್ದು ಅಥವಾ ಗಿಡುಗದ ಮೂರು ಗರಿಗಳನ್ನು ನರದಿಂದ ಸುತ್ತಿ ಕಟ್ಟುತ್ತಿದ್ದರು. ಜಿಂಕೆಯ ಬೇಟೆಗೆ ಬೇಕಾದ ಅಲಗು ಅಬ್ಸಿಡಿಯನ್ನಿನದು. ಅಬ್ಸಿಡಿಯನ್ ಎಂದರೆ ಲಾವಾ ಬೇಗನೆ ತಣಿದಾಗ ಉಂಟಾಗುವ, ಗಾಜಿನಂತೆ ಚಕ್ಕೆಯೇಳುವ ಕಪ್ಪು ಕಲ್ಲು. ಅದರ ಚೂರನ್ನು ತೊಗಲಿನ ತುಂಡು ಹೊದಿಸಿದ ಅಂಗೈಯಲ್ಲಿಟ್ಟುಕೊಂಡು, ಜಿಂಕೆಯ ಕೊಂಬಿನ ಮೊನೆಯಿಂದ ಅಂಚನ್ನು ಒತ್ತಿ ಒತ್ತಿ ಸಣ್ಣ ಚಕ್ಕೆಗಳನ್ನು ಎಬ್ಬಿಸುತ್ತಾ ಹೋದಂತೆ ಗರಗಸದ ಹಲ್ಲಿನಂತಹ ಹರಿತವಾದ ಬಾಯಿ ಮೂಡುತ್ತದೆ. ಬಾಣಗಳು ನೀರುನಾಯಿಯ ತೊಗಲಿನ ಬತ್ತಳಿಕೆಯಲ್ಲಿರುತ್ತಿದ್ದವು.

ಯಾಹಿ ಬಿಲ್ಲುಗಾರನ ಭಂಗಿ ಮರೆಗೆ ಹೇಳಿ ಮಾಡಿಸಿದಂತಿತ್ತು. ಅವನು ಬಿಲ್ಲನ್ನು ನೆಟ್ಟಗೆ ಹಿಡಿಯದೆ ಮೈಗೆ ಅಡ್ಡವಾಗಿ ಓರೆಯಾಗಿ ಹಿಡಿಯುತ್ತಿದ್ದನು. ನಿಂತು ಎಸೆಯುವುದಕ್ಕಿಂತ ಕುಕ್ಕರಗಾಲಿನಲ್ಲಿ ಕುಳಿತು ಅಥವಾ ಮಂಡಿಯೂರಿ ಎಸೆಯುವುದು ಬೇಟೆಯಲ್ಲಿ ಅವನಿಗೆ ಹೆಚ್ಚು ರೂಢಿ. ಹೆದೆಯನ್ನು ಬಾಗಿಸಿದ ಹೆಬ್ಬೆರಳಿನಿಂದ ಸೆಳೆದು, ಹೆಬ್ಬೆರಳಿನ ಉಗುರಿನ ಮೇಲೆ ನಡುಬೆರಳನ್ನು ಒತ್ತಿ ಅದಕ್ಕೆ ಬಲ ಕೊಡುತ್ತಿದ್ದನು. ಹೆಬ್ಬೆರಳಿನ ಸೆಳೆತ ಏಷ್ಯಾದ ಬಿಲ್ಲುಗಾರಿಕೆಯಲ್ಲಿ ಹೆಚ್ಚಾಗಿ ಕಾಣುವ ಕ್ರಮ. ದ್ರೋಣನು ಏಕಲವ್ಯನಿಂದ ಗುರುದಕ್ಷಿಣೆಯಾಗಿ ಬಲಗೈಯ ಹೆಬ್ಬೆರಳನ್ನೇ ಕೇಳಿದ ಪ್ರಸಂಗವನ್ನು ಬಲ್ಲ ಕನ್ನಡ ಓದುಗರಿಗೆ ಆ ಬೆರಳಿನ ಮಹತ್ತ್ವವನ್ನು ಬೇರೆ ಹೇಳಬೇಕಾಗಿಲ್ಲ. ಗಿಡ್ಡ ಬಿಲ್ಲು, ಅಡ್ಡ ಹಿಡಿತ, ತಗ್ಗಿದ ಮೈ, ಈ ಮೂರೂ ಕೂಡಿದಾಗ ಸೊಂಟದೆತ್ತರದ ಪೊದೆಯ ಹಿಂದಿನಿಂದಲೂ ರೆಂಬೆಗೆ ತಾಗದಂತೆ ಬಾಣ ಬಿಡಲು ಸಾಧ್ಯವಾಗುತ್ತಿತ್ತು. ಉದ್ದಬಿಲ್ಲು ಹಿಡಿದವನಿಗೆ ಇದು ಸುಲಭವಲ್ಲ.

ಬೇಟೆಯ ಸಿದ್ಧತೆ ಹಿಂದಿನ ದಿನವೇ ಆರಂಭವಾಗುತ್ತಿತ್ತು. ಮನುಷ್ಯನ ವಾಸನೆ ಜಿಂಕೆಗೆ ದೂರದಿಂದಲೇ ತಿಳಿಯುವುದರಿಂದ ಬೇಟೆಗಾರನು ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪು ಸೇದುತ್ತಿರಲಿಲ್ಲ. ಬೆಳಗಿನ ಜಾವ ಹೊಳೆಯಲ್ಲಿ ಮಿಂದು, ಕಂಪಿನ ಸೊಪ್ಪಿನಿಂದ ಮೈಯುಜ್ಜಿಕೊಂಡು, ಏನನ್ನೂ ತಿನ್ನದೆ ಹೊರಡುತ್ತಿದ್ದನು. ಬಟ್ಟೆ ಪೊದೆಗೆ ಉಜ್ಜಿ ಸದ್ದು ಮಾಡುವುದರಿಂದ ಮೈಮೇಲೆ ಆದಷ್ಟು ಕಡಿಮೆ ಉಡುಪಿರುತ್ತಿತ್ತು. ಜಿಂಕೆಗಳು ನಡೆದು ಸವೆದ ಹಾದಿಯ ಬಳಿ ಅಥವಾ ಅವು ಉಪ್ಪುಮಣ್ಣನ್ನು ನೆಕ್ಕಲು ಬರುವ ಜಾಗದ ಸಮೀಪದಲ್ಲಿ, ಗಾಳಿ ಪ್ರಾಣಿಯ ಕಡೆಯಿಂದ ತನ್ನ ಕಡೆಗೆ ಬೀಸುವ ಮಗ್ಗುಲನ್ನು ನೋಡಿಕೊಂಡು, ಪೊದೆಯ ಅಥವಾ ಬಂಡೆಯ ಹಿಂದೆ ಅವನು ಕುಳಿತುಕೊಳ್ಳುತ್ತಿದ್ದನು. ಅಲ್ಲಿಂದ ಮುಂದೆ ಅವನಿಗೆ ಕಾಡೇ ಸುದ್ದಿ ಕೊಡುತ್ತಿತ್ತು. ನೀಲಿ ಜೇ ಹಕ್ಕಿಯ ಕೂಗು, ಅಳಿಲಿನ ಚಿಟಗುಟ್ಟುವಿಕೆ ಇವೆಲ್ಲ ಮನುಷ್ಯನ ಸುಳಿವನ್ನು ಇತರ ಪ್ರಾಣಿಗಳಿಗೆ ಸಾರುವ ಎಚ್ಚರಿಕೆಗಳಾದುದರಿಂದ, ಅವು ಸುಮ್ಮನಾಗುವವರೆಗೂ ಅಲುಗಾಡದಿರುವುದು ಹೊಂಚಿನ ಮೊದಲ ಪಾಠವಾಗಿತ್ತು.

ಹೊಂಚು ಬರಿಯ ಕಾಯುವಿಕೆಯಾಗಿರಲಿಲ್ಲ. ಪ್ರಾಣಿಯನ್ನು ಮರೆಯ ಕಡೆಗೆ ಬರಮಾಡಿಕೊಳ್ಳುವ ವಿದ್ಯೆಯೂ ಅದರಲ್ಲಿ ಸೇರಿತ್ತು. ಒಳಗೆ ಒಣ ಸಾಮಗ್ರಿ ತುಂಬಿದ ಜಿಂಕೆಯ ತಲೆಯನ್ನು ಯಾಹಿ ಬೇಟೆಗಾರ ತನ್ನ ತಲೆಯ ಮೇಲಿಟ್ಟುಕೊಂಡು, ಪೊದೆಯ ಮೇಲೆ ಅದಷ್ಟೇ ಕಾಣುವಂತೆ ಆಗಾಗ ಎತ್ತಿ ಇಳಿಸುತ್ತಿದ್ದನು. ಮೇಯುವ ಇನ್ನೊಂದು ಜಿಂಕೆಯೆಂದು ಭಾವಿಸಿ ಕುತೂಹಲದಿಂದ ಹತ್ತಿರ ಬಂದ ಪ್ರಾಣಿ ಬಾಣದ ಅಳವಿಗೆ ಸಿಕ್ಕುತ್ತಿತ್ತು. ಎಲೆಯೊಂದನ್ನು ಮಡಿಸಿ ತುಟಿಗಳ ನಡುವೆ ಹಿಡಿದು ಉಸಿರೆಳೆದರೆ ಜಿಂಕೆಮರಿಯ ಕೂಗಿನಂತಹ ಸದ್ದು ಹೊರಡುತ್ತದೆ, ಅದನ್ನು ಕೇಳಿದ ತಾಯಿಜಿಂಕೆ ಹುಡುಕಿಕೊಂಡು ಬರುತ್ತದೆ. ಬೆರಳುಗಳನ್ನು ತುಟಿಗೊತ್ತಿ ಮುತ್ತಿಡುವಂತೆ ಎಳೆದರೆ ನೋವಿಗೆ ಸಿಕ್ಕ ಮೊಲದ ಕೀರಲು ದನಿ ಹುಟ್ಟುತ್ತದೆ; ಅದಕ್ಕೆ ಮೊಲಗಳು ಮಾತ್ರವಲ್ಲದೆ, ಸುಲಭದ ಊಟ ಸಿಕ್ಕಿತೆಂದುಕೊಂಡ ಕಾಡುಬೆಕ್ಕುಗಳೂ ಬರುತ್ತಿದ್ದವು. ಇಷ್ಟೆಲ್ಲ ಮಾಡಿ ಬಿಡುತ್ತಿದ್ದ ಬಾಣದ ದೂರ ಸಾಮಾನ್ಯವಾಗಿ 50 ಗಜದೊಳಗೆ, ಬಹಳ ಸಲ ಅದಕ್ಕಿಂತ ತೀರ ಕಡಿಮೆ. ದೂರದ ಹಲಗೆಗೆ ಗುರಿಯಿಡುವ ಸ್ಪರ್ಧೆ ಯಾಹಿ ಬಿಲ್ಲುಗಾರನಿಗೆ ಮುಖ್ಯವಾಗಿರಲಿಲ್ಲ. ಅವನ ಕೌಶಲದ ಬಹುಪಾಲು ಬಾಣ ಬಿಡುವುದಕ್ಕೆ ಮೊದಲೇ ಮುಗಿದಿರುತ್ತಿತ್ತು.

1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಕೊಲೋಮಾದಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹಬ್ಬಿದ ಮೇಲೆ ಈ ಬದುಕು ಉಳಿಯಲಿಲ್ಲ. ಲಕ್ಷಾಂತರ ಜನರು ಬಂದಿಳಿದರು. ಅವರ ದನಕರುಗಳು ಜಿಂಕೆಗಳ ಮೇವನ್ನು ತಿಂದವು, ಗಣಿಗಳಿಂದ ಹರಿದ ಕೆಸರು ಮೀನಿನ ಹೊಳೆಗಳನ್ನು ಕೆಡಿಸಿತು. ಹಸಿವಿಗೆ ದನ ಹೊಡೆದ ಯಾಹಿಗಳ ಮೇಲೆ ವಲಸೆಗಾರರ ಶಸ್ತ್ರಸಜ್ಜಿತ ಗುಂಪುಗಳು ಬಿದ್ದವು. 1865ರಲ್ಲಿ ಮಿಲ್ ಕ್ರೀಕಿನ ದಂಡೆಯಲ್ಲಿ ಮಲಗಿದ್ದ ಶಿಬಿರದ ಮೇಲೆ ಬೆಳಕು ಹರಿಯುವ ಹೊತ್ತಿಗೆ ನಡೆದ ದಾಳಿಯಲ್ಲಿ ಅನೇಕರು ಹತರಾದರು. 1871ರ ಸುಮಾರಿಗೆ ಕಿಂಗ್ಸ್ಲಿ ಗುಹೆಯಲ್ಲಿ ಅಡಗಿದ್ದ ಸುಮಾರು ಮೂವತ್ತು ಮಂದಿಯನ್ನು, ಮಕ್ಕಳೂ ಸೇರಿದಂತೆ, ಗುಂಡಿಕ್ಕಿ ಕೊಂದರು. ಇದು ಯುದ್ಧವಲ್ಲ, ಒಂದು ಜನಾಂಗದ ನಿರ್ಮೂಲನ. ಕೊಂದವರು ಶಿಕ್ಷೆಗೊಳಗಾಗಲಿಲ್ಲ.

ಬದುಕುಳಿದ ಬೆರಳೆಣಿಕೆಯ ಯಾಹಿಗಳು ಅನಂತರದ ಸುಮಾರು ನಾಲ್ಕು ದಶಕಗಳನ್ನು ಡೀರ್ ಕ್ರೀಕಿನ ಕಂದರದಲ್ಲಿ ಯಾರ ಕಣ್ಣಿಗೂ ಬೀಳದೆ ಕಳೆದರು. 1961ರಲ್ಲಿ ಈ ಚರಿತ್ರೆಯನ್ನು ಗ್ರಂಥರೂಪದಲ್ಲಿ ಬರೆದ ಥಿಯೊಡೋರಾ ಕ್ರೋಬರ್ ಈ ಅವಧಿಯನ್ನು ದೀರ್ಘ ಅಜ್ಞಾತವಾಸದ ಕಾಲವೆಂದು ಕರೆದಿದ್ದಾರೆ. ಮರೆಯ ವಿದ್ಯೆಯ ಚರಿತ್ರೆಯಲ್ಲಿ ಅತ್ಯಂತ ಮುಖ್ಯವಾದ ಘಟ್ಟ ಇದೇ. ಏಕೆಂದರೆ ಜಿಂಕೆಯಿಂದ ಅಡಗಲು ಕಲಿತಿದ್ದನ್ನೆಲ್ಲ ಈಗ ಮನುಷ್ಯರಿಂದ ಅಡಗಲು ಬಳಸಬೇಕಾಯಿತು. ಹೆಜ್ಜೆ ಮೂಡದಂತೆ ಕಲ್ಲಿನಿಂದ ಕಲ್ಲಿಗೆ ಜಿಗಿದು ನಡೆದರು, ಮೂಡಿದ ಹೆಜ್ಜೆಯ ಮೇಲೆ ಎಲೆ ಹರಡಿದರು, ಕುರುಚಲು ಕಾಡಿನ ಅಡಿಯಲ್ಲಿ ನಾಲ್ಕು ಕಾಲಿನ ಮೇಲೆ ತೆವಳಿದರು, ಕೊಡಲಿಯ ಸದ್ದು ಕೇಳಿಸೀತೆಂದು ಮರ ಕಡಿಯಲಿಲ್ಲ, ಹೊಗೆ ಮೇಲೇಳದಷ್ಟು ಸಣ್ಣ ಬೆಂಕಿಯಲ್ಲಿ ಅಡುಗೆ ಮಾಡಿದರು, ನಾರಿನ ಹಗ್ಗ ಹಿಡಿದು ಕಂದರದ ಗೋಡೆಯಿಂದ ನೀರಿಗಿಳಿದರು. ಬಂದೂಕಿನ ಒಂದೇ ಸದ್ದು ಇರುವ ತಾಣವನ್ನು ಬಯಲು ಮಾಡುತ್ತಿದ್ದುದರಿಂದ, ಸದ್ದಿಲ್ಲದ ಬಿಲ್ಲು ಅವರಿಗೆ ಹಳೆಯ ಕಾಲದ ಉಳಿಕೆಯಾಗಿರದೆ ಬದುಕುವ ಸಾಧನವಾಗಿತ್ತು.

1908ರ ನವೆಂಬರಿನಲ್ಲಿ ವಿದ್ಯುತ್ ಕಂಪನಿಯೊಂದರ ಮೋಜಣಿದಾರರು, ಅಂದರೆ ಭೂಮಿ ಅಳೆಯುವವರು, ಕಂದರದೊಳಗೆ ಬಂದಾಗ ಈ ಅಜ್ಞಾತವಾಸ ಮುರಿಯಿತು. ಪೊದೆಗಳ ನಡುವೆ ಕಾಣದಂತೆ ಕಟ್ಟಿದ್ದ ಗುಡಿಸಲುಗಳಲ್ಲಿ ನಡೆಯಲಾರದ ಮುದುಕಿಯೊಬ್ಬಳು ಹೊದಿಕೆಯಲ್ಲಿ ಸುತ್ತಿಕೊಂಡು ಮಲಗಿದ್ದಳು, ಉಳಿದವರು ಓಡಿದ್ದರು. ಬಂದವರು ಬಿಲ್ಲು, ಬಾಣ, ಬುಟ್ಟಿ, ತೊಗಲಿನ ಹೊದಿಕೆಗಳನ್ನು ನೆನಪಿನ ವಸ್ತುಗಳೆಂದು ಎತ್ತಿಕೊಂಡು ಹೋದರು. ಚಳಿಗಾಲದ ಹೊಸ್ತಿಲಲ್ಲಿ ಒಂದು ಕುಟುಂಬದ ಬೇಟೆಯ ಸಾಧನಗಳನ್ನೆಲ್ಲ ಒಯ್ಯುವುದೆಂದರೆ ಅವರ ಅನ್ನವನ್ನೇ ಒಯ್ದಂತೆ. ಮುದುಕಿ ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡಳು. ಇತರರು ಮತ್ತೆ ಕಾಣಿಸಲಿಲ್ಲ. ಕೊನೆಗೆ ಉಳಿದವನು ಅವಳ ಮಗನೊಬ್ಬನೇ.

1911ರ ಆಗಸ್ಟ್ 29ರಂದು ಓರೊವಿಲ್ ಪಟ್ಟಣದ ಕಸಾಯಿಖಾನೆಯ ಬಳಿ ಈ ಮನುಷ್ಯ ಬಳಲಿ ಬಂದು ನಿಂತಿದ್ದನು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರಜ್ಞ ಟಿ. ಟಿ. ವಾಟರ್ಮನ್ ಯಾನಾ ಪದಗಳ ಪಟ್ಟಿಯೊಂದನ್ನು ಹಿಡಿದು ಬಂದು ಒಂದೊಂದಾಗಿ ಓದುತ್ತಾ, ಹಳದಿ ಪೈನ್ ಮರಕ್ಕಿರುವ ‘ಸಿವಿನಿ’ ಎಂಬ ಪದವನ್ನು ಉಚ್ಚರಿಸಿ ಮಂಚದ ಮರವನ್ನು ತಟ್ಟಿದಾಗ ಅವನ ಮುಖ ಅರಳಿತು. ತನ್ನ ಹೆಸರನ್ನು ತಾನೇ ಹೇಳುವುದು ಅವನ ಜನರಲ್ಲಿ ನಿಷಿದ್ಧವಾದುದರಿಂದ, ಮನುಷ್ಯ ಎಂಬ ಅರ್ಥದ ‘ಇಶಿ’ ಎಂಬ ಹೆಸರನ್ನು ಅದೇ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಅವನಿಗೆ ಇಟ್ಟರು. ಇಶಿ ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ ನೆಲೆಸಿ, ಅಲ್ಲಿ ಕೆಲಸ ಮಾಡುತ್ತಾ, ಬಂದವರಿಗೆ ಅಲಗು ತಿದ್ದುವುದನ್ನೂ ಮರದ ಕಡ್ಡಿ ಮಸೆದು ಬೆಂಕಿ ಹೊತ್ತಿಸುವುದನ್ನೂ ತೋರಿಸುತ್ತಿದ್ದನು.

ಸಂಗ್ರಹಾಲಯದ ಪಕ್ಕದಲ್ಲಿದ್ದ ವೈದ್ಯಕೀಯ ಶಾಲೆಯ ಶಸ್ತ್ರವೈದ್ಯ ಸ್ಯಾಕ್ಸ್ಟನ್ ಪೋಪ್ 1912ರಿಂದ ಇಶಿಯ ಗೆಳೆಯನಾದನು, ಬಿಲ್ಲು ಕಟ್ಟುವುದನ್ನೂ ಎಸೆಯುವುದನ್ನೂ ಹೊಂಚು ಹಾಕುವುದನ್ನೂ ಅವನಿಂದ ಕಲಿತನು. 1914ರ ಮೇ ತಿಂಗಳಲ್ಲಿ ಕ್ರೋಬರ್, ವಾಟರ್ಮನ್, ಪೋಪ್ ಮತ್ತು ಪೋಪನ ಎಳೆಯ ಮಗ ಇಶಿಯೊಡನೆ ಅವನ ನಾಡಿಗೆ ಹೋದಾಗ, ಊರಿದ್ದ ಜಾಗಗಳನ್ನೂ ಬೇಟೆಯ ತಾಣಗಳನ್ನೂ ಅವನು ಹೆಸರು ಹಿಡಿದು ತೋರಿಸಿದನು. ಇಶಿ 1916ರ ಮಾರ್ಚ್ 25ರಂದು ಕ್ಷಯರೋಗದಿಂದ ತೀರಿಕೊಂಡ ಮೇಲೆ, 1918ರಲ್ಲಿ ಪೋಪ್ ಪ್ರಕಟಿಸಿದ ‘ಯಾಹಿ ಆರ್ಚರಿ’ ಎಂಬ ಪ್ರಬಂಧ ಆ ವಿದ್ಯೆಯ ಪ್ರಮುಖ ದಾಖಲೆಯಾಗಿ ಉಳಿಯಿತು. ಯಾಹಿ ಬಿಲ್ಲು ಮತ್ತು ಹೊಂಚನ್ನು ಕುರಿತು ಇಂದು ತಿಳಿದಿರುವುದರಲ್ಲಿ ಬಹುಪಾಲು ಅದರಿಂದ ಬಂದುದು.

ಈ ದಾಖಲೆಯನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಒಬ್ಬನ ಅಭ್ಯಾಸವನ್ನು ಇಡೀ ಜನಾಂಗದ ಅಭ್ಯಾಸವೆಂದು ಹೇಳಿಬಿಡುವ ಅಪಾಯ ಅದರಲ್ಲಿದೆ. ಪುರಾತತ್ತ್ವಜ್ಞ ಸ್ಟೀವನ್ ಶ್ಯಾಕ್ಲಿ 1990ರ ದಶಕದಲ್ಲಿ ಇಶಿ ಮಾಡಿದ ಅಲಗುಗಳನ್ನು ಯಾಹಿ ನೆಲೆಗಳ ಉತ್ಖನನದಲ್ಲಿ ದೊರೆತ ಅಲಗುಗಳೊಡನೆ ಹೋಲಿಸಿ, ಇಶಿಯ ಅಲಗುಗಳ ರೂಪ ನೆರೆಯ ವಿಂಟು ಮತ್ತು ನೋಮ್ಲಾಕಿ ಜನರ ಅಲಗುಗಳಿಗೆ ಹೆಚ್ಚು ಹತ್ತಿರವಾಗಿದೆ ಎಂದು ತೋರಿಸಿದರು. ಅವನ ತಂದೆಯೋ ಗುರುವೋ ನೆರೆಯ ಜನಾಂಗದವರಾಗಿದ್ದಿರಬಹುದು ಎಂಬುದು ಅವರ ಊಹೆ. ಕೊಲೆಗಳ ಆ ಕಾಲದಲ್ಲಿ ಚದುರಿದ ಜನಾಂಗಗಳವರು ಒಂದೆಡೆ ಕೂಡಿ ಬಾಳಿದ್ದು ಅಸಂಭವವೇನೂ ಅಲ್ಲ. ಇದರಿಂದ ಇಶಿಯ ವಿದ್ಯೆಯ ಬೆಲೆ ಕಡಿಮೆಯಾಗುವುದಿಲ್ಲ, ಅದರ ಬೇರುಗಳು ಹಲವು ಜನಾಂಗಗಳಿಗೆ ಹರಡಿದ್ದುವೆಂದು ತಿಳಿಯುತ್ತದೆ.

ಇಶಿಯಿಂದ ಕಲಿತದ್ದನ್ನು ಪೋಪ್ ಇಂಗ್ಲಿಷ್ ಮಾದರಿಯ ಉದ್ದಬಿಲ್ಲಿಗೆ ಅಳವಡಿಸಿಕೊಂಡು, ಆರ್ಥರ್ ಯಂಗ್ ಎಂಬ ಗೆಳೆಯನೊಡನೆ ದೊಡ್ಡ ಪ್ರಾಣಿಗಳನ್ನು ಬೇಟೆಯಾಡಿದನು. 1920ರಲ್ಲಿ ವಸ್ತುಸಂಗ್ರಹಾಲಯಕ್ಕೆ ಮಾದರಿಗಳನ್ನು ಒದಗಿಸುವ ಅನುಮತಿ ಪಡೆದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಗ್ರಿಜ್ಲಿ ಕರಡಿಗಳನ್ನು ಹೊಡೆದುದೂ ಅದರಲ್ಲಿ ಸೇರಿದೆ. ಹಸಿವಿಗಾಗಿ ಹುಟ್ಟಿದ ವಿದ್ಯೆ ಇಲ್ಲಿ ಸಾಹಸದ ಪ್ರದರ್ಶನವಾಗಿ ತಿರುಗಿತೆಂಬುದನ್ನು ಮರೆಮಾಚಬೇಕಾಗಿಲ್ಲ. 1923ರಲ್ಲಿ ಪೋಪ್ ಬರೆದ ಬಿಲ್ಲುಬೇಟೆಯ ಪುಸ್ತಕ ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಹೊಸ ಜೀವ ತಂದಿತು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿಗೆಂದೇ ಪ್ರತ್ಯೇಕವಾದ ಜಿಂಕೆಬೇಟೆಯ ಕಾಲವನ್ನು ಗೊತ್ತುಪಡಿಸಿತು. 1961ರಲ್ಲಿ ಪೋಪ್ ಮತ್ತು ಯಂಗ್ ಇಬ್ಬರ ಹೆಸರಿನಲ್ಲಿ ಬಿಲ್ಲುಬೇಟೆಗಾರರ ಸಂಘವೊಂದು ಸ್ಥಾಪನೆಯಾಯಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸಿದ್ದರೆ, ಅಮೆರಿಕದ ರಾಜ್ಯಗಳು ಪರವಾನಗಿ, ಕಾಲಮಿತಿ ಮತ್ತು ಸಂಖ್ಯೆಯ ಮಿತಿಗಳ ಮೂಲಕ ಅದನ್ನು ನಿಯಂತ್ರಿಸುತ್ತವೆ.

1969ರಲ್ಲಿ ಹೋಲಸ್ ವಿಲ್ಬರ್ ಆಲನ್ ಪೇಟೆಂಟ್ ಪಡೆದ, ರಾಟೆಗಳ ನೆರವಿನಿಂದ ಸೆಳೆಯುವ ಕಾಂಪೌಂಡ್ ಬಿಲ್ಲು ಬಂದ ಮೇಲೆ ಬಿಲ್ಲುಬೇಟೆಯ ಲೆಕ್ಕಾಚಾರವೇ ಬದಲಾಯಿತು. ಅದರಿಂದ ಬಾಣದ ವೇಗ ಹೆಚ್ಚಿತು. ಪೂರ್ತಿ ಸೆಳೆದ ಹೆದೆಯನ್ನು ಕಡಿಮೆ ಬಲದಿಂದ ತಡೆದು ಹಿಡಿದು ಗುರಿ ನೋಡುವುದು ಸಾಧ್ಯವಾಯಿತು. ರಾಟೆ, ಗುರಿಕಡ್ಡಿಗಳಿಲ್ಲದ ಮರದ ಬಿಲ್ಲನ್ನೇ ಹಿಡಿಯುವವರು ಅದಕ್ಕೆ ಸಾಂಪ್ರದಾಯಿಕ ಬಿಲ್ಲು ಎಂಬ ಹೆಸರು ಕೊಟ್ಟು ಬೇರೆಯಾಗಿ ಉಳಿದರು. ಅವರಿಗೆ ದೂರದ ಹಳೆಯ ಮಿತಿ ಹಾಗೆಯೇ ಇರುವುದರಿಂದ ಮರೆಯ ಅಗತ್ಯವೂ ಹಾಗೆಯೇ ಇದೆ. ಇಂದು ಬಟ್ಟೆಯ ಮಡಿಸುವ ಗುಡಾರಗಳು ಮರೆಯಾಗಿ ಮಾರಾಟವಾಗುತ್ತವೆಯಾದರೂ, ಅವುಗಳ ತಗ್ಗಿನ ಮಾಡಿನ ಕೆಳಗೆ ಉದ್ದಬಿಲ್ಲಿನ ಮೇಲ್ತುದಿ ತಾಗುವುದರಿಂದ ಅನೇಕರು ಗಿಡ್ಡ ಬಿಲ್ಲನ್ನು ಆರಿಸುತ್ತಾರೆ, ಓರೆಯಾಗಿ ಹಿಡಿಯುತ್ತಾರೆ, ಮಂಡಿಯೂರಿ ಎಸೆಯುತ್ತಾರೆ. ಯಾಹಿ ಬಿಲ್ಲುಗಾರ ಪೊದೆಯ ಹಿಂದೆ ಕಂಡುಕೊಂಡಿದ್ದ ಪರಿಹಾರ ಇದೇ. ಗಾಳಿಯನ್ನು ನೋಡಿ ಕುಳಿತುಕೊಳ್ಳುವುದು, ವಾಸನೆಯನ್ನು ಕಳೆದುಕೊಳ್ಳುವುದು, ಹುಸಿ ಕೂಗಿನಿಂದ ಪ್ರಾಣಿಯನ್ನು ಕರೆಯುವುದು, ಹತ್ತಿರ ಬರುವವರೆಗೆ ಬಾಣ ಬಿಡದಿರುವುದು ಇವುಗಳಲ್ಲಿ ಒಂದೂ ಈ ಕಾಲದ ಕಂಡುಹಿಡಿಕೆಯಲ್ಲ.

ಇಶಿಯ ವಿದ್ಯೆಗೆ ಸಂದ ಗೌರವ ಅವನ ದೇಹಕ್ಕೆ ಸಲ್ಲಲಿಲ್ಲ. ಕ್ರೋಬರ್ ಪತ್ರ ಬರೆದು ವಿರೋಧಿಸಿದ್ದರೂ ಶವಪರೀಕ್ಷೆಯಲ್ಲಿ ಮೆದುಳನ್ನು ತೆಗೆದರು, ಅದನ್ನು 1917ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಗೆ ಕಳುಹಿಸಲಾಯಿತು. ಕ್ಯಾಲಿಫೋರ್ನಿಯದ ಮೂಲನಿವಾಸಿಗಳ ಒತ್ತಾಯದಿಂದ 2000ದಲ್ಲಿ ಅದು ಯಾನಾ ಸಂತತಿಯವರಿರುವ ರೆಡಿಂಗ್ ರಾಂಚೆರಿಯಾ ಮತ್ತು ಪಿಟ್ ರಿವರ್ ಸಮುದಾಯಗಳಿಗೆ ಮರಳಿತು. ಅವಶೇಷಗಳನ್ನು ಅವನ ನಾಡಿನಲ್ಲಿ ಗುಟ್ಟಾದ ಸ್ಥಳದಲ್ಲಿ ಮಣ್ಣುಮಾಡಲಾಯಿತು. ಆಧುನಿಕ ಬಿಲ್ಲುಬೇಟೆಯ ಚರಿತ್ರೆಯನ್ನು ಪೋಪನಿಂದಲೋ ಯಂಗನಿಂದಲೋ ಆರಂಭಿಸುವ ರೂಢಿ ಅಮೆರಿಕದಲ್ಲಿ ಈಗಲೂ ಇದೆ. ಆ ರೂಢಿಯನ್ನು ತಿದ್ದಬೇಕು. ಯಾರ ನೆಲವನ್ನು ಕಸಿಯಲಾಯಿತೋ, ಯಾರನ್ನು ಅವರ ಮರೆಗಳಿಂದ ಹೊರಗೆಳೆದು ಕೊಲ್ಲಲಾಯಿತೋ, ಅವರೇ ಈ ವಿದ್ಯೆಯ ಗುರುಗಳು. ಅದನ್ನು ಬಳಸುವವರು ಮತ್ತು ಅದರ ಚರಿತ್ರೆ ಬರೆಯುವವರು ಯಾಹಿಗಳ ಹೆಸರನ್ನು ಮೊದಲ ಸಾಲಿನಲ್ಲಿಯೇ ಹೇಳಬೇಕಾದುದು ನ್ಯಾಯ.